ಶಮಶಾದಬಿ ಎಸೆಯದ ಬಾಟಲಿ

ಒಂಬತ್ತನೇ ಕಂತು

"ನಾನ ತಿನಿಸೇನ್ರಿ ಮೇಡಮ್. ಬರಕೋರಿ. ಬೇಕಾದ್ರ ಈಗ ಹೆಬ್ಬಟ್ಟು ಒತ್ತತೇನಿ."

ರಸೂಲಬಿ ಎಡಗೈ ಹೆಬ್ಬೆರಳನ್ನು ಮೇಜಿನ ಮೇಲೆ ಚಾಚಿದಳು. ಯಾರೂ ಕರೆದಿರಲಿಲ್ಲ, ಕೇಳಿರಲಿಲ್ಲ. ಬೆಳಿಗ್ಗೆ ಹತ್ತೂವರೆಗೆ, ಆಸ್ಪತ್ರೆಯಲ್ಲಿ ಪೊಲೀಸರಿಗೆ ಬಿಟ್ಟುಕೊಟ್ಟಿದ್ದ ಕೋಣೆಗೆ ತಾನಾಗಿಯೇ ಬಂದು ಸ್ಟೂಲಿನ ಮೇಲೆ ಕುಕ್ಕರಿಸಿದ್ದಳು. ಲಕ್ಷ್ಮೇಶ್ವರದ ಆ ಮುದುಕಿಗೆ ಹನ್ನೊಂದು ದಿನದಿಂದ ಈ ಆಸ್ಪತ್ರೆಯ ಬೆಂಚೇ ಮನೆ.

ಸಬ್ ಇನ್‌ಸ್ಪೆಕ್ಟರ್ ರೋಹಿಣಿ ಪೆನ್ನಿನ ಮುಚ್ಚಳ ಕೂಡ ತೆಗೆಯಲಿಲ್ಲ. ಆರು ವರ್ಷದ ನೌಕರಿಯಲ್ಲಿ ತಾನಾಗಿಯೇ ತಪ್ಪೊಪ್ಪಿಕೊಂಡು ಬಂದವರನ್ನು ಆಕೆ ಬೆರಳೆಣಿಕೆಯಷ್ಟು ನೋಡಿದ್ದಳು. ಅವರಲ್ಲಿ ಅರ್ಧ ಜನ ಸುಳ್ಳು ಹೇಳಿದ್ದರು.

"ಏನು ತಿನಿಸಿದ್ರಿ ಅಮ್ಮಾ?"

"ರೊಟ್ಟಿ. ಹಾಲಿನ್ಯಾಗ ನೆನಸಿ ಎರಡು ತುತ್ತು ಕೊಟ್ಟೆ. ಹೊಲಿಗಿ ಬಿಟ್ಟದ್ದು ಅದರಿಂದನ. ಡಾಕ್ಟರದು ಏನೂ ತಪ್ಪಿಲ್ಲ."

ಕೊನೆಯ ಮಾತನ್ನು ಹೇಳಲಿಕ್ಕೆಂದೇ ಮುದುಕಿ ಬೆಂಚು ಬಿಟ್ಟು ಎದ್ದು ಬಂದಿದ್ದಾಳೆಂದು ರೋಹಿಣಿಗೆ ಖಾತ್ರಿಯಾಯಿತು.

ರಸೂಲಬಿಯ ಮೊಮ್ಮಗಳು ನಿಶಾತಳಿಗೆ ಹದಿನಾರು ವರ್ಷ, ನೂರಾ ಇಪ್ಪತ್ತೆರಡು ಕಿಲೋ ತೂಕ. ಅಂಗಾತ ಮಲಗಿದರೆ ಉಸಿರು ನಿಲ್ಲುತ್ತಿತ್ತು. ಮಕ್ಕಳ ಸರ್ಜನ್ ಡಾ. ಮನೋಹರ ತೂಕ ಇಳಿಸಲು ಆಕೆಯ ಜಠರದ ಮುಕ್ಕಾಲು ಪಾಲು ತೆಗೆದು, ಉಳಿದದ್ದನ್ನು ಬಾಳೆಕಾಯಿಯಷ್ಟು ದಪ್ಪದ ಕೊಳವೆ ಮಾಡಿ ಹೊಲಿದಿದ್ದರು. ಐದನೇ ದಿನ, ಕಳೆದ ಗುರುವಾರ ರಾತ್ರಿ, ಆ ಹೊಲಿಗೆ ಬಾಯಿ ಬಿಟ್ಟಿತು. ಹೊಟ್ಟೆಯನ್ನು ಎರಡನೇ ಸಲ ತೆರೆದು ಹುಡುಗಿಯನ್ನು ಉಳಿಸಿಕೊಂಡದ್ದೂ ಅವರೇ. ಆದರೆ ಅಪ್ಪ ಶಫೀಕ ದೂರು ಬರೆದುಕೊಟ್ಟಿದ್ದ: ಮಕ್ಕಳ ಡಾಕ್ಟರು ಬಾರದ ಕೆಲಸಕ್ಕೆ ಕೈ ಹಾಕಿ ನನ್ನ ಮಗಳ ಹೊಲಿಗೆ ಕೆಡಿಸಿದ್ದಾರೆ.

ಇವತ್ತು ಹನ್ನೆರಡು ಗಂಟೆಗೆ ತನಿಖಾ ಸಮಿತಿ ಬರುವುದಿತ್ತು. ತಪ್ಪು ಹೊಲಿಗೆಯದೇ ಎಂದು ಸಮಿತಿ ಬರೆದರೆ ಆಪರೇಷನ್ ಕೋಣೆಗೆ ಬೀಗ ಬೀಳುತ್ತದೆ. ಮುಂಡರಗಿ, ಶಿರಹಟ್ಟಿಯ ಕಡೆಯಿಂದ ಕೂಸುಗಳನ್ನು ಎತ್ತಿಕೊಂಡು ಓಡಿಬರುವವರಿಗೆ ಮನೋಹರ ಡಾಕ್ಟರು ಇರುವುದಿಲ್ಲ.

ಹಾಗಾಗಬಾರದು ಎಂದು ರೋಹಿಣಿಗಿಂತ ಹೆಚ್ಚು ಯಾರೂ ಬಯಸುತ್ತಿರಲಿಲ್ಲ. ಆಕೆಯ ಖಾಕಿ ಅಂಗಿಯ ಕೆಳಗೆ, ಬಲ ಪಕ್ಕೆಯ ಹತ್ತಿರ, ಮೂರು ಬೆರಳು ಅಗಲದ ಹಳೆಯ ಗಾಯದ ಗುರುತಿದೆ. ಇಪ್ಪತ್ತೊಂದು ದಿನದ ಕೂಸಾಗಿದ್ದಾಗ ಕುಡಿದ ಹಾಲೆಲ್ಲ ಚಿಮ್ಮಿ ಹೊರಬಂದು ಬಡಕಲಾಗಿದ್ದವಳನ್ನು ಬದುಕಿಸಿದ ಕೈ ಇದೇ ಡಾಕ್ಟರದ್ದು. ಈ ಸಂಗತಿಯನ್ನು ಸರ್ಕಲ್ ಸಾಹೇಬರ ಮುಂದೆ ಆಕೆ ಬಾಯಿ ಬಿಟ್ಟಿರಲಿಲ್ಲ. ಬಿಟ್ಟಿದ್ದರೆ ಕೇಸು ಬೇರೆಯವರ ಪಾಲಾಗುತ್ತಿತ್ತು.

ಋಣವಿದೆ ಎಂದ ಮಾತ್ರಕ್ಕೆ ಸುಳ್ಳನ್ನು ಬರೆದುಕೊಳ್ಳಲಾದೀತೇ? ರೋಹಿಣಿ ಕೈಚೀಲದಿಂದ ಒಂದು ಬಾಟಲಿ ತೆಗೆದು ಮೇಜಿನ ಮೇಲಿಟ್ಟಳು.

"ಇದೇನ್ರಿ?" ರಸೂಲಬಿ ಬಗ್ಗಿ ನೋಡಿದಳು.

"ಎರಡನೇ ಆಪರೇಷನ್ ಮಾಡಿದಾಗ ನಿಮ್ಮ ಮೊಮ್ಮಗಳ ಹೊಟ್ಟ್ಯಾಗ ಸಿಕ್ಕದ್ದು."

ಆ ಬಾಟಲಿ ಉಳಿದದ್ದೇ ಒಂದು ಪುಣ್ಯ. ಆಪರೇಷನ್ ಕೋಣೆಯ ಸಿಸ್ಟರ್ ಶಮಶಾದಬಿಗೆ ಡಾಕ್ಟರು ಅದನ್ನು ಎಸೆಯಲು ಹೇಳಿದ್ದರಂತೆ. ಮನುಷ್ಯರ ಮೈಯೊಳಗಿಂದ ಬಂದದ್ದು ಯಾವುದೇ ಇರಲಿ, ಔಷಧಿ ನೀರಲ್ಲಿ ಹಾಕಿ, ಹೆಸರು ತಾರೀಖು ಅಂಟಿಸಿ ಕಪಾಟಿನಲ್ಲಿಡುವುದು ಶಮಶಾದಬಿಯ ಇಪ್ಪತ್ತೆರಡು ವರ್ಷದ ರೂಢಿ. ಆಕೆಗೆ ಇದನ್ನು ಕಲಿಸಿದವರೂ ಡಾಕ್ಟರೇ. ಕಲಿಸಿದವರೇ ಎಸೆ ಅಂದಾಗ ಆಕೆಗೆ ಅನುಮಾನ ಬಂದಿತ್ತು. ಇವತ್ತು ಬೆಳಿಗ್ಗೆ, "ಮೇಡಮ್, ಹೊಟ್ಟ್ಯಾಗ ಇಟ್ಕೊಂಡು ಕುಂಡ್ರಾಕ ಆಗವಲ್ದು," ಎಂದು ತಂದು ಕೊಟ್ಟಿದ್ದಳು.

ರೋಹಿಣಿ ಬಾಟಲಿಯನ್ನು ಮುದುಕಿಯ ಕಡೆ ಸರಿಸಿದಳು. "ಇದರಾಗ ರೊಟ್ಟಿ ಎಲ್ಲೈತಿ, ತೋರಸ್ರಿ."

ಬಾಟಲಿಯಲ್ಲಿ ರೊಟ್ಟಿ ಇರಲಿಲ್ಲ. ಗಾಜಿನಂತೆ ಹೊಳೆಯುವ ಉಬ್ಬಿದ ಗಟ್ಟಿಗಳು, ಬಿಳಿ ಕೊಬ್ಬರಿಯ ಚೂರು, ಕೆಂಪು ಅಳವಿ ಕಾಳು. ಗದಗ ಸೀಮೆಯ ಹೆಣ್ಣುಮಕ್ಕಳಿಗೆ ಇದನ್ನು ಪ್ರಯೋಗಾಲಯದವರು ಹೇಳಬೇಕಾಗಿಲ್ಲ. ಬಾಣಂತಿಗೆ, ಬೇನೆ ಬಿದ್ದು ಎದ್ದವರಿಗೆ ಶಕ್ತಿ ಬರಲೆಂದು ಕಟ್ಟುವ ಅಂಟಿನ ಉಂಡಿ. ಅದಕ್ಕೆ ಹಾಕುವ ಮರದ ಅಂಟು ಒಳಗೆ ಹೋಗಿ ನೀರು ಕುಡಿದು ಉಬ್ಬುತ್ತದೆ. ಬರೀ ತಿಳಿನೀರು, ಗಂಜಿಯ ಮೇಲಿದ್ದ ಹೊಸ ಹೊಲಿಗೆಯ ಹೊಟ್ಟೆಗೆ ಅದು ಹೋಗಬಾರದಿತ್ತು.

"ನೀವು ತಿನಿಸಿಲ್ಲ. ಯಾಕ ಸುಳ್ಳು ಹೇಳತೀರಿ?"

ರಸೂಲಬಿ ಹೆಬ್ಬೆರಳನ್ನು ಹಿಂದಕ್ಕೆ ಎಳೆದುಕೊಂಡು ಸೆರಗಿನಲ್ಲಿ ಮುಚ್ಚಿಕೊಂಡಳು.

"ಮೇಡಮ್, ಎರಡು ವರ್ಷ ನಾನು ನಿದ್ದಿ ಮಾಡಿಲ್ಲ," ಎಂದಳು ಆಮೇಲೆ. "ನಿಶಾತನ ಮಗ್ಗಲಕ ಕುಂತಿರತಿದ್ದೆ. ಆಕಿ ಉಸಿರು ನಿಂತ ಕೂಡ್ಲೇ ಭುಜ ಅಲುಗಿಸಬೇಕು. ಮತ್ತ ಉಸಿರಾಡತಿದ್ಳು. ಮತ್ತ ನಿಲ್ಲತಿತ್ತು. ಇವತ್ತು ಒಳಗ ಹೋಗಿ ನೋಡ್ರಿ. ಅಂಗಾತ ಮಲಗ್ಯಾಳ. ಗೊರಕಿ ಸೈತ ಇಲ್ಲ. ಆ ಡಾಕ್ಟರನ್ನ ಜೇಲಿಗೆ ಕಳಸಾಕ ನನ್ನ ಮಗ ಹೊಂಟಾನ. ನಾನು ಬೇಕಾದ್ರ ಹೋಗತೇನಿ. ಅವರು ಹೋಗಬಾರ್ದು."

ಈ ಮುದುಕಿಯ ಕೈ ಹಿಡಿದುಕೊಳ್ಳಬೇಕೆಂದು ರೋಹಿಣಿಗೆ ಅನಿಸಿತು. ಆದರೆ ಖಾಕಿ ತೊಟ್ಟವಳು ಗಡಿಯಾರ ನೋಡಿದಳು. ಹತ್ತು ಐವತ್ತು.

"ಅಮ್ಮಾ, ಸುಳ್ಳಿನಿಂದ ಡಾಕ್ಟರು ಉಳಿಯೂದಿಲ್ಲ. ಸಮಿತಿಯವರು ಈ ಬಾಟಲಿ ನೋಡಿದ್ರ ನಿಮ್ಮ ರೊಟ್ಟಿ ಕಥಿ ಒಂದು ನಿಮಿಷ ನಿಲ್ಲೂದಿಲ್ಲ. ಖರೆ ಹೇಳ್ರಿ. ಉಂಡಿ ಕೊಟ್ಟೋರು ಯಾರು?"

"ಹೆಸರು ಗೊತ್ತಿಲ್ಲ."

"ನೋಡೀರಿ?"

"ನೋಡೇನಿ." ಮುದುಕಿಯ ದನಿ ಅಡಗಿತು. "ಅದ ನನ್ನ ತಪ್ಪು. ನೋಡಿ ಸುಮ್ನ ನಿಂತೆ."

ರೋಹಿಣಿ ಕುರ್ಚಿಯನ್ನು ಹತ್ತಿರಕ್ಕೆ ಎಳೆದುಕೊಂಡಳು. ಇಷ್ಟು ದಿನ ಆಕೆಯ ಪುಸ್ತಕದಲ್ಲಿ ಗುರುವಾರ ಸಂಜೆ ನಿಶಾತಳ ಮಂಚದ ಹತ್ತಿರ ಹೋದವರು ಮೂವರೇ ಇದ್ದರು. ಡ್ಯೂಟಿಯ ನರ್ಸು, ರಸೂಲಬಿ ಮತ್ತು ಶಫೀಕ. ಶಫೀಕ ತಂದಿದ್ದ ಬಾಳೆಹಣ್ಣನ್ನು ಗೇಟಿನ ಕಾವಲುಗಾರ ಕಿತ್ತಿಟ್ಟುಕೊಂಡು, ಹೋಗುವಾಗ ಲೆಕ್ಕ ತಪ್ಪದೆ ವಾಪಸು ಕೊಟ್ಟಿದ್ದ. ಅಷ್ಟು ಬಿಗಿ. ನಾಲ್ಕನೆಯವರ ಹೆಸರು ಗೇಟಿನ ಪುಸ್ತಕದಲ್ಲಿ ಇರಲೇ ಇಲ್ಲ.

"ನಾನು ಮುಖ ತೊಳಕೊಂಡು ಬಂದೆ. ಬಾಗಲದಾಗ ನಿಂತು ನೋಡಿದ್ರ ಒಬ್ಬಾಕಿ ಮಂಚದ ಮ್ಯಾಲ ಕುಂತು ನಿಶಾತನ ತಲಿ ಸವರಾಕ ಹತ್ಯಾಳ. ನೇಕಾರ ಹೆಣ್ಣುಮಗಳು, ವಯಸ್ಸಾಗೇತಿ. 'ಇಷ್ಟು ಮೈಗೆ ಬರೇ ಗಂಜಿನೀರು ಕೊಟ್ರ ಹೆಂಗವಾ? ತಿನ್ನು, ನಿನ್ನ ಹೊಟ್ಟಿ ತಣ್ಣಗಿರಲಿ' ಅಂದು ಬಾಯಿಗೆ ಇಟ್ಳು."

"ನೀವು ಬ್ಯಾಡ ಅನ್ನಲಿಲ್ಲ?"

ರಸೂಲಬಿಯ ಕಣ್ಣಲ್ಲಿ ನೀರು ತುಂಬಿತು.

"ನಮ್ಮ ಹುಡುಗಿ ಒಂದು ತುತ್ತು ತಿಂದ್ರ ಹತ್ತು ಮಂದಿ ಎಣಸತಾರ್ರಿ. ಮನ್ಯಾಗ, ಸಾಲ್ಯಾಗ, ಲಗ್ನದಾಗ. ತಟ್ಟಿ ಮುಂದ ಕುಂತ್ರ ತಲಿ ತಗ್ಗಸತಿದ್ಳು. ಆಕೀಗೆ ಪ್ರೀತೀಲಿ ತಿನ್ನು ಅಂದವರು ಯಾರೂ ಇಲ್ಲ. ಅವತ್ತು ಒಬ್ಬಾಕಿ ಅಂದ್ಳು. ನಿಶಾತ ನಕ್ಕಳು ಮೇಡಮ್. ಬಾಯಿ ತುಂಬ ಉಂಡಿ ಇಟ್ಕೊಂಡು ನಕ್ಕಳು. ಆ ನಗಿ ನೋಡಿ ನನಗ ಬ್ಯಾಡ ಅನ್ನಾಕ ಬಾಯಿ ಬರಲಿಲ್ಲ. ಇಷ್ಟ ಉಂಡಿ ಏನು ಮಾಡೀತು ಅಂದ್ಕೊಂಡೆ."

ರೋಹಿಣಿ ಈ ಸಲ ಗಡಿಯಾರ ನೋಡಲಿಲ್ಲ. ಮುದುಕಿಯ ಮೊಣಕಾಲ ಮೇಲೆ ಕೈಯಿಟ್ಟು, ಆಕೆ ಕಣ್ಣೊರೆಸಿಕೊಳ್ಳುವವರೆಗೆ ಕಾಯ್ದಳು.

"ಆಕಿ ಡಬ್ಬಿ ತಗೊಂಡು ಒಳಗ ಹೆಂಗ ಬಂದ್ಳು? ಗೇಟಿನವ ಬಿಟ್ಟನ?"

"ಬಿಡೂದೇನು, ಹೋಗುವಾಗ ಎದ್ದು ನಿಂತು ನಮಸ್ಕಾರ ಮಾಡಿದ. ಬಾಳ ದಿನದಿಂದ ಬರ್ತಾರ ಕಾಣಸ್ತೈತಿ."

ರೋಹಿಣಿಯ ಕೈ ತಾನಾಗಿಯೇ ಬಾಟಲಿಯ ಕಡೆ ಹೋಯಿತು. ಬೆಳಗಿನಿಂದ ಹತ್ತು ಸಲ ನೋಡಿದ್ದನ್ನು ಹನ್ನೊಂದನೇ ಸಲ ಕಿಟಕಿಯ ಬೆಳಕಿಗೆ ಹಿಡಿದಳು.

ಕೊಬ್ಬರಿ ತುರಿದದ್ದಲ್ಲ. ಎಲ್ಲರ ಮನೆಯಲ್ಲೂ ಉಂಡಿಗೆ ಕೊಬ್ಬರಿ ತುರಿಯುತ್ತಾರೆ. ಇದು ಉಗುರಿನಷ್ಟು ತೆಳ್ಳಗೆ, ಅರ್ಧ ಚಂದ್ರದ ಆಕಾರದಲ್ಲಿ ಹೆಚ್ಚಿದ್ದು. ಅಡಿಕೆ ಕತ್ತರಿಸುವ ಅಡಕತ್ತರಿಯಲ್ಲಿ ಕೊಬ್ಬರಿ ಹೆಚ್ಚುವವರು ತನ್ನೂರು ಬೆಟಗೇರಿಯಲ್ಲಿ ರೋಹಿಣಿಗೆ ಗೊತ್ತಿದ್ದಂತೆ ಒಬ್ಬರೇ. ತುರಿದರೆ ಎಣ್ಣೆ ಬಿಟ್ಟು ಉಂಡಿ ಜಿಡ್ಡಾಗುತ್ತದೆ ಎಂದು ಹಟ ಹಿಡಿದು ಅರ್ಧ ದಿನ ಕೂತು ಕತ್ತರಿಸುವಾಕೆ.

ಗುರುವಾರ ಹದಿನಾಲ್ಕನೇ ತಾರೀಖು. ಪ್ರತಿ ವರ್ಷ ಅದೇ ತಾರೀಖಿಗೆ ಆಕೆ ಡಬ್ಬಿ ತುಂಬ ಉಂಡಿ ಕಟ್ಟಿಕೊಂಡು, ತನ್ನ ಮಗಳನ್ನು ಉಳಿಸಿಕೊಟ್ಟ ಡಾಕ್ಟರಿಗೆ ಕೊಟ್ಟು ಬರುತ್ತಾಳೆ.

ರೋಹಿಣಿ ಬಾಟಲಿಯನ್ನು ಕೆಳಗಿಟ್ಟಳು. ಅದು ಆಕೆಯ ತಾಯಿ, ಚಂದ್ರವ್ವ.

*

ಡಾ. ಮನೋಹರ ಆಗಷ್ಟೇ ಒಂದು ಕೂಸನ್ನು ನೋಡಿ ಮುಗಿಸಿ, ಮೊಣಕೈವರೆಗೆ ಸೋಪು ಹಚ್ಚಿ ತೊಳೆಯುತ್ತಿದ್ದರು. ಅರವತ್ತೆರಡು ವರ್ಷ, ಸಣ್ಣ ಆಳು, ದೊಡ್ಡ ಕಿವಿ. ಅವರ ಕೋಣೆಯ ಪರದೆಗಳೆಲ್ಲ ಬೆಟಗೇರಿ ಸೀರೆಗಳವೇ. ಮಕ್ಕಳು ಉಳಿದ ಸಂತೋಷಕ್ಕೆ ನೇಕಾರರು ತಂದು ಕೊಟ್ಟದ್ದನ್ನು ಬೇಡವೆನ್ನಲಾಗದೆ, ಮದುವೆಯಾಗದ ಈ ಮನುಷ್ಯ ಕಿಟಕಿಗೂ ಬಾಗಿಲಿಗೂ ಉಡಿಸಿಬಿಟ್ಟಿದ್ದರು.

ರೋಹಿಣಿ ಬಾಗಿಲು ಹಾಕಿ ಬಾಟಲಿಯನ್ನು ಮೇಜಿನ ಮೇಲಿಟ್ಟಳು.

ಅವರು ಅದನ್ನು ನೋಡಿದರು. ಕೈ ಒರೆಸಿಕೊಂಡರು. "ಶಮಶಾದಬಿ ಮಾತು ಕೇಳೂದಿಲ್ಲ ನೋಡು," ಎಂದರು.

"ಎಸಿ ಅಂದ್ರಂತಲ್ರಿ ಸರ್. ಯಾಕ?"

"ನನ್ನ ಹೊಲಿಗಿ ಗಟ್ಟಿ ಇದ್ದಿದ್ರ ಒಂದು ಉಂಡಿ ಏನು ಮಾಡತಿತ್ತು?"

"ಗಟ್ಟಿ ಇತ್ತೋ ಇಲ್ಲೋ? ಖರೆ ಹೇಳ್ರಿ."

ಡಾಕ್ಟರು ಕುಳಿತರು. ಸುಳ್ಳು ಹೇಳುವ ರೂಢಿ ಇಲ್ಲದವರಿಗೆ ಆಗುವ ಕಷ್ಟ ಅವರ ಮುಖದಲ್ಲಿ ಕಾಣುತ್ತಿತ್ತು.

"ಗಟ್ಟಿ ಇತ್ತು. ನಡುವ ಅಂಟು ಸಿಕ್ಕೊಂಡು ದಾರಿ ಕಟ್ಟಿತ್ತು. ಒತ್ತಡ ತಡೀಲಾರ್ದ ಮ್ಯಾಲಿನ ಹೊಲಿಗಿ ಬಿಟ್ಟಿತು. ಯಾರ ಹೊಲಿಗಿ ಇದ್ರೂ ಬಿಡತಿತ್ತು."

"ಇದನ್ನ ಸಮಿತಿ ಮುಂದ ಹೇಳ್ರಿ. ಬಾಟಲಿ ತೋರಸ್ರಿ. ಐದು ನಿಮಿಷದಾಗ ನೀವು ಈ ಕೇಸಿನಿಂದ ಹೊರಗ."

"ಆಮ್ಯಾಲ ಅವರು ಉಂಡಿ ಯಾರದು ಅಂತ ಕೇಳತಾರ."

"ಯಾರದು ಅಂತ ನಿಮಗ ಗೊತ್ತಿತ್ತು." ರೋಹಿಣಿ ಬಾಟಲಿಯನ್ನು ಅವರ ಮುಂದೆ ತಳ್ಳಿದಳು. "ಮೊದಲನೇ ದಿನದಿಂದ ಗೊತ್ತಿತ್ತು."

"ಇಪ್ಪತ್ತೆಂಟು ವರ್ಷ ತಿಂದೇನವಾ," ಎಂದರು ಡಾಕ್ಟರು. "ಹಿಂಗ ಕೊಬ್ಬರಿ ಹೆಚ್ಚೋರು ಮತ್ಯಾರು ಅದಾರ?"

ರೋಹಿಣಿ ಗೋಡೆಗೆ ಒರಗಿ ನಿಂತಳು. ಐದು ದಿನದಿಂದ ಈ ಮನುಷ್ಯನನ್ನು ಉಳಿಸಬೇಕೆಂದು ಆಕೆ ಹಗಲೆಲ್ಲ ಅಲೆದಿದ್ದಳು. ಐದು ದಿನದಿಂದ ಅವರು ಬಾಯಿ ಮುಚ್ಚಿಕೊಂಡು ಆಕೆಯ ತಾಯಿಯನ್ನು ಉಳಿಸುತ್ತಿದ್ದರು. ಒಂದು ಸಲ ಜೀವ ಕೊಟ್ಟದ್ದು ಸಾಲದೆಂದು ಈಗ ತಮ್ಮ ಹೆಸರನ್ನೂ ಕೊಡಲು ಹೊರಟಿದ್ದರು. ಸಿಟ್ಟು ಬಂತು, ಅದಕ್ಕಿಂತ ಹೆಚ್ಚಾಗಿ ಅಳು ಬಂತು.

"ಇದು ಯಾವ ನ್ಯಾಯ ಸರ್? ನಿಮ್ಮ ಉಪಕಾರ ನಮ್ಮ ಮ್ಯಾಲ ಐತಿ. ನಮ್ಮ ಮನಿ ತಪ್ಪು ನೀವು ಹೊರಬೇಕಾ?"

"ಉಪಕಾರ ಯಾರದು ಯಾರ ಮ್ಯಾಲ?" ಡಾಕ್ಟರು ನಕ್ಕರು. "ನಾ ಈ ಊರಿಗೆ ಬಂದು ನಾಕು ತಿಂಗಳಾಗಿತ್ತು. ಒಬ್ಬರೂ ತಮ್ಮ ಕೂಸು ನನ್ನ ಕೈಯಾಗ ಕೊಡವಲ್ರಾಗಿದ್ರು. ಹುಬ್ಬಳ್ಳಿಗೆ ಓಡತಿದ್ರು. ಹೆಣ್ಣುಮಗಳೊಬ್ಬಾಕಿ ಬಂದು, 'ನೀವ ಮಾಡ್ರಿ, ನನಗ ನಿಮ್ಮ ಕೈ ಮ್ಯಾಲ ನಂಬಿಕಿ ಐತಿ' ಅಂತ ಕೂಸು ನನ್ನ ಟೇಬಲ್ ಮ್ಯಾಲ ಇಟ್ಳು. ನೀನ ಆ ಕೂಸು. ಅವತ್ತ ಆಕಿ ಎದ್ದು ಹೋಗಿದ್ರ ನಾನೂ ಗಂಟುಮೂಟಿ ಕಟ್ಟಿ ಹೋಗತಿದ್ದೆ. ಈ ಆಸ್ಪತ್ರಿ ನಿಂತದ್ದು ಚಂದ್ರವ್ವನ ನಂಬಿಕಿ ಮ್ಯಾಲ."

"ಆದ್ರೂ..."

"ಆಕೀಗೆ ಹೇಳಬ್ಯಾಡ ರೋಹಿಣಿ. ತನ್ನ ಉಂಡಿಯಿಂದ ಒಂದು ಹುಡುಗಿ ಸಾಯಾಕ ಹತ್ತಿದ್ಳು ಅಂತ ಗೊತ್ತಾದ್ರ, ಆ ತಾಯಿ ಮತ್ತ ಯಾರ ಬಾಯಿಗೂ ಒಂದು ತುತ್ತು ಇಡೂದಿಲ್ಲ. ನನ್ನ ಕೆಲಸ ಇನ್ನೆಷ್ಟು ವರ್ಷ? ಕೈ ನಡಗೂ ಕಾಲ ಬಂತು."

ಮೇಜಿನ ಮೇಲಿದ್ದ ಆ ಕೈ ಒಂದಿಷ್ಟೂ ನಡುಗುತ್ತಿರಲಿಲ್ಲ. ರೋಹಿಣಿ ಅದನ್ನು ನೋಡಿದಳು.

"ನಾ ಬರೀತೇನಿ ಸರ್," ಎಂದಳು. "ಇದ್ದದ್ದು ಇದ್ದಂಗ ಬರೀತೇನಿ. ನಮ್ಮವ್ವಗ ನಾನ ಹೇಳತೇನಿ, ಇವತ್ತ ಸಂಜೀಕ, ಮನ್ಯಾಗ, ಮಗ್ಗಲಕ ಕುಂತು. ಆಕಿ ಅಳತಾಳ. ಅಳಲಿ. ನಿಮ್ಮ ಕೋಣಿಗೆ ಬೀಗ ಬಿದ್ರ ಆಕಿ ಬದುಕಿರೂದಿಲ್ಲ, ಅದು ನಿಮಗ ಗೊತ್ತಿಲ್ಲ."

ಡಾಕ್ಟರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಹೊರಗೆ ಜೀಪು ನಿಂತ ಸದ್ದಾಯಿತು. ಸಮಿತಿ ಅರ್ಧ ತಾಸು ಮೊದಲೇ ಬಂದಿತ್ತು.

*

ಇಬ್ಬರೂ ಹೊರಗೆ ಬಂದಾಗ ಸಮಿತಿಯ ಮೂವರು ಪಡಸಾಲೆಯ ಮೆಟ್ಟಿಲು ಹತ್ತುತ್ತಿದ್ದರು. ಮುಂದೆ ಅಧ್ಯಕ್ಷೆ, ಬೆಳ್ಳಗಿನ ಕೂದಲಿನ ಬಿಗಿ ಮುಖದ ವೈದ್ಯೆ, ಕಂಕುಳಲ್ಲಿ ಫೈಲು. ಅವರ ಹಿಂದೆಯೇ ಶಫೀಕ. ರೋಹಿಣಿ ಸೆಲ್ಯೂಟ್ ಹೊಡೆದು, ಬಾಟಲಿ ಇದ್ದ ಕೈಚೀಲವನ್ನು ಹೆಗಲಿಗೆ ಸರಿಪಡಿಸಿಕೊಂಡಳು. ಹೇಳಬೇಕಾದ ಮೊದಲ ವಾಕ್ಯ ಆಕೆಯ ನಾಲಿಗೆಯ ತುದಿಯಲ್ಲಿತ್ತು.

"ಏ ರೋಹಿಣಿ! ನೀ ಇಲ್ಲೇ ಅದೀಯೇನು? ಚಲೋ ಆತು."

ರೋಹಿಣಿ ತಿರುಗಿ ನೋಡಿ ಅಲ್ಲೇ ನಿಂತುಬಿಟ್ಟಳು. ಗೇಟಿನ ಕಾವಲುಗಾರ ಎದ್ದು ನಿಂತು ಕೈ ಮುಗಿಯುತ್ತಿದ್ದ. ಅವನಿಗೆ ಮರುನಮಸ್ಕಾರ ಹೇಳುತ್ತ, ತಲೆ ಮೇಲೆ ಸೆರಗು ಹೊದ್ದು, ಕೈಯಲ್ಲಿ ಮುಚ್ಚಳದ ಸ್ಟೀಲ್ ಡಬ್ಬಿ ಹಿಡಿದು ಚಂದ್ರವ್ವ ಬರುತ್ತಿದ್ದಳು.

"ಯವ್ವಾ, ನೀ ಈಗ ಮನಿಗೆ ನಡಿ," ಎಂದು ರೋಹಿಣಿ ಅವಸರದಿಂದ ಎರಡು ಹೆಜ್ಜೆ ಇಟ್ಟಳು. "ಜಲ್ದಿ. ಆಮ್ಯಾಲ ಹೇಳತೇನಿ."

"ಹೋಗತೇನಿ, ಹೋಗತೇನಿ. ಇಷ್ಟು ಕೊಟ್ಟು ಹೋಗತೇನಿ." ಚಂದ್ರವ್ವ ಮಗಳನ್ನು ದಾಟಿ ಡಾಕ್ಟರ ಮುಂದೆ ನಿಂತಳು. "ಡಾಕ್ಟರ, ಆ ಲಕ್ಷ್ಮೇಶ್ವರದ ಹುಡುಗಿಗೆ ಎರಡನೇ ಆಪರೇಷನ್ ಆತಂತಲ್ರಿ! ಓಣ್ಯಾಗ ಮಂದಿ ಮಾತಾಡಾಕ ಹತ್ತಿದ್ರು. ಜೀವ ತಡೀಲಿಲ್ಲ. ಮೊನ್ನೆ ಗುರುವಾರ ನನ್ನ ಕೈಯಿಂದ ಉಂಡಿ ತಿಂದು ಹೆಂಗ ನಕ್ಕಿತ್ತು ಕೂಸು! ಅದಕ್ಕ ಮತ್ತ ಕಟ್ಟಿಕೊಂಡು ಬಂದೆ. ಅಂಟು ಜರಾ ಜಾಸ್ತಿ ಹಾಕೇನಿ. ಶಕ್ತಿ ಬರ್ಲಿ."

ಶಫೀಕ ಚಂದ್ರವ್ವನ ಮುಖವನ್ನೂ ಡಬ್ಬಿಯನ್ನೂ ನೋಡಿದ.

ಅಧ್ಯಕ್ಷೆ ಕನ್ನಡಕ ಸರಿಮಾಡಿಕೊಂಡರು. "ಏನಮ್ಮಾ, ಯಾವ ಉಂಡೆ? ಗುರುವಾರ ಆ ರೋಗಿಗೆ ನೀವು ಉಂಡೆ ತಿನ್ನಿಸಿದಿರಾ?"

ಚಂದ್ರವ್ವನ ನಗು ಹಾಗೇ ನಿಂತಿತು. ಏನೋ ಸರಿಯಿಲ್ಲವೆಂದು ಆಕೆಗೆ ಹೊಳೆದಿರಬೇಕು. ಮಗಳ ಕಡೆ ನೋಡಿದಳು.

ರೋಹಿಣಿ ಬಾಯಿ ತೆರೆಯುವ ಮೊದಲೇ ಡಾ. ಮನೋಹರ ಮುಂದೆ ಬಂದು, ಚಂದ್ರವ್ವನಿಗೂ ಸಮಿತಿಗೂ ನಡುವೆ ನಿಂತರು.

"ಆಕಿದೇನೂ ಇಲ್ರಿ ಮೇಡಮ್," ಎಂದರು. "ಹುಡುಗಿಗೆ ಉಂಡಿ ಕೊಡಬಹುದು ಅಂತ ನಾನ ಹೇಳಿದ್ದೆ. ನನ್ನ ತಪ್ಪು. ಬರಕೋರಿ."

ಅಧ್ಯಕ್ಷೆಯ ಹುಬ್ಬು ಮೇಲೇರಿತು. ಜಠರ ಹೊಲಿದ ಐದನೇ ದಿನ ಅಂಟಿನ ಉಂಡಿ ತಿನ್ನಲು ಹೇಳಿದ ಸರ್ಜನ್‌ಗೆ ಆ ಕೆಲಸ ಉಳಿಯುವುದಿಲ್ಲ, ಇದು ಅಲ್ಲಿದ್ದ ಎಲ್ಲ ಡಾಕ್ಟರಿಗೂ ಗೊತ್ತಿತ್ತು. ಅಧ್ಯಕ್ಷೆ ನಿಧಾನವಾಗಿ ಫೈಲು ಬಿಚ್ಚಿದರು.

"ಇಲ್ಲ ಬಿಡ್ರಿ ಡಾಕ್ಟರ," ಎಂದಳು ಚಂದ್ರವ್ವ, ಗೊಂದಲದಿಂದ, ಆದರೆ ಎಲ್ಲರಿಗೂ ಕೇಳುವಷ್ಟು ಸ್ಪಷ್ಟವಾಗಿ. "ನೀವು ಅವತ್ತ ನನಗ ಸಿಕ್ಕ ಇಲ್ಲ. ನಾನ ಕೊಟ್ಟೆ."

ಅಧ್ಯಕ್ಷೆ ಒಬ್ಬರನ್ನು ನೋಡಿದರು, ಇನ್ನೊಬ್ಬರನ್ನು ನೋಡಿದರು. ಆಮೇಲೆ ಪೆನ್ನು ಹಿಡಿದ ಕೈಯನ್ನು ಖಾಕಿ ತೊಟ್ಟವಳ ಕಡೆ ತಿರುಗಿಸಿದರು.

"ಸಬ್ ಇನ್‌ಸ್ಪೆಕ್ಟರ್, ಐದು ದಿನದಿಂದ ತನಿಖೆ ಮಾಡುತ್ತಿರುವವರು ನೀವು. ಇವರಿಬ್ಬರಲ್ಲಿ ಯಾರ ಮಾತು ಬರೆದುಕೊಳ್ಳಲಿ? ಮತ್ತು ಮೊದಲು ಇದನ್ನು ಹೇಳಿ, ಈ ಹೆಂಗಸು ನಿಮಗೆ ಏನಾಗಬೇಕು?"